ಹುಳಿ ಮೊಸರಿನ ಕೋಷ್ಟಕ

ನಮ್ಮ ಅತ್ತೆಯ ಕೈಪಟ್ಟಿಗೆ ಕೆಂಪು ದೀಪ ಬಂದ ದಿನ ಮನೆಯಲ್ಲಿ ಕಣ್ಣೀರು ಹಾಕಿದವಳು ನಾನು. ಅವರು ಕೈಯನ್ನು ಆಚೀಚೆ ತಿರುಗಿಸಿ ನೋಡಿಕೊಂಡು, "ಕೆಂಪು ಚೊಲೋ ಕಾಣತೈತಿ ಬಿಡು, ನನ್ನ ಸೀರಿ ಸೆರಗಿಗೆ ಒಪ್ಪತೈತಿ" ಎಂದು ರೊಟ್ಟಿ ಬಡಿಯಲು ಎದ್ದರು.

ಆ ದೀಪದ ಅರ್ಥ ಇಷ್ಟೇ. ಗುಳೇದಗುಡ್ಡದ ಗುರುಬಸವ್ವ, ವಯಸ್ಸು ಅರವತ್ತೆಂಟು, ನಲವತ್ತು ವರ್ಷ ಖಣ ನೇಯ್ದವರು, ಇನ್ನು ಮೇಲೆ ಹಾಲು, ಮೊಸರು, ಮಜ್ಜಿಗೆ, ಪನೀರು ಮುಟ್ಟುವಂತಿಲ್ಲ. ಹಾಗೆಂದು ತೀರ್ಮಾನಿಸಿದ ಕೋಷ್ಟಕವನ್ನು ಬರೆದವಳು ಅವರ ಸೊಸೆ. ಅಂದರೆ ನಾನು, ಸಿಂಚನಾ, ಬಾಗಲಕೋಟೆಯ ಆಹಾರ ಹೊಂದಾಣಿಕೆ ಕೇಂದ್ರದ ವಿಜ್ಞಾನಿ.

ಹೊಟ್ಟೆಗೆ ಮಾತು ಬರುವ ಹಾಗಿದ್ದರೆ ಏನು ಹೇಳೀತು? ನಮ್ಮ ಕೇಂದ್ರ ಹುಟ್ಟಿದ್ದೇ ಈ ಒಂದು ಪ್ರಶ್ನೆಯಿಂದ. ಮೆಣಸಿನ ಕಾಳಿನ ಗಾತ್ರದ ಒಂದು ಮಣಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅದನ್ನು ನುಂಗಿ, ಮೇಲೆ ಒಂದು ದೊಡ್ಡ ಲೋಟ ಹಾಲು ಕುಡಿಯಬೇಕು. ಹಾಲಿನಲ್ಲಿ ಅದರದ್ದೇ ಆದ ಒಂದು ಸಕ್ಕರೆ ಇರುತ್ತದೆ. ಕೂಸಿದ್ದಾಗ ಹೆಚ್ಚುಕಡಿಮೆ ಎಲ್ಲರ ಕರುಳೂ ಅದನ್ನು ಒಡೆದು ಅರಗಿಸಿಕೊಳ್ಳುತ್ತದೆ. ದೊಡ್ಡವರಾದ ಮೇಲೆ ಬಹಳ ಜನರ ಕರುಳು ಆ ಕೆಲಸಕ್ಕೆ ರಾಜೀನಾಮೆ ಕೊಡುತ್ತದೆ. ಆಗ ಸಕ್ಕರೆ ಹಾಗೇ ಕೆಳಗಿಳಿದು, ಅಲ್ಲಿನ ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು, ಜಲಜನಕದ ಗಾಳಿ ಎಬ್ಬಿಸುತ್ತದೆ. ಹೊಟ್ಟೆ ಉಬ್ಬರ, ಗುಡುಗುಡು, ಆಮೇಲೆ ಓಟ. ಮಣಿ ಆ ಗಾಳಿಯನ್ನು ಅಳೆದು ಕೈಪಟ್ಟಿಗೆ ಸುದ್ದಿ ಕಳಿಸಿ, ಮರುದಿನ ತನ್ನ ದಾರಿ ಹಿಡಿದು ಹೊರಗೆ ಹೋಗುತ್ತದೆ. ಒಬ್ಬರಿಗೆ ಒಂದೇ ಮಣಿ, ಒಂದೇ ಲೋಟ ಹಾಲು. ಹಾಲಿಗೆ ಇಷ್ಟು ಗಾಳಿ ಎದ್ದರೆ ಮೊಸರಿಗೆ ಎಷ್ಟು, ಚೀಸಿಗೆ ಎಷ್ಟು ಎಂದು ಹೇಳುವುದು ಕೋಷ್ಟಕದ ಕೆಲಸ.

ಇದರಿಂದ ಒಳ್ಳೆಯದೂ ಆಯಿತು, ಸುಳ್ಳೇಕೆ ಹೇಳಲಿ. ನನ್ನ ಗಂಡ ಶರಣು ಮೂವತ್ತು ವರ್ಷದಿಂದ ತನ್ನ ಹೊಟ್ಟೆಯ ಗುಡುಗಿಗೆ ಉಷ್ಣವನ್ನು, ವಾಯುವನ್ನು, ಒಮ್ಮೊಮ್ಮೆ ನನ್ನ ಅಡುಗೆಯನ್ನು ದೂರುತ್ತಿದ್ದ. ಕೆಂಪು ದೀಪ ಬಂದ ಮೇಲೆ ಕರಿ ಚಹಾ ಹಿಡಿದ, ಗುಡುಗು ನಿಂತಿತು. ಊರೂರಲ್ಲಿ ಎಳ್ಳಿನ ಹಾಲು, ಶೇಂಗಾ ಹಾಲು ಬಂದವು. ಮದುವೆಗಳಲ್ಲಿ ಹಸಿರು ಪಂಕ್ತಿ, ಕೆಂಪು ಪಂಕ್ತಿ ಎಂದು ಎರಡಾದವು. ಹೆಣ್ಣು ನೋಡಲು ಬಂದವರು ಓದು, ನೌಕರಿ ಕೇಳಿ ಮುಗಿಸಿ, ಕೊನೆಗೆ ಮೆಲ್ಲಗೆ ಕೈಪಟ್ಟಿಯ ಕಡೆ ಕಣ್ಣು ಹಾಯಿಸುವುದು ರೂಢಿಯಾಯಿತು. ಮನುಷ್ಯ ಹಾಲು ಮೊಸರು ತಿನ್ನಬೇಕೋ ಬೇಡವೋ ಎಂಬ ಹಳೆಯ ಜಗಳ ತೀರಿತು ಎಂದು ನಾವು ಕೇಂದ್ರದಲ್ಲಿ ಪೇಡೆ ಹಂಚಿದೆವು. ಹಸಿರಿನವರಿಗೆ ಮಾತ್ರ.

ಅತ್ತೆ ಮಾತ್ರ ಸೊರಗಿದರು.

ಅವರ ಊಟವೆಂದರೆ ಜೋಳದ ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಗಡಿಗೆಯ ಎಮ್ಮೆ ಮೊಸರು. ಮೂರರಲ್ಲಿ ಮೊಸರು ಹೋದ ಮೇಲೆ ಉಳಿದೆರಡು ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ನಲವತ್ತಮೂರು ಡಿಗ್ರಿ ಬಿಸಿಲಿಗೆ ಬಂಡೆ ಕಾದು ಕೂತಿರುತ್ತದೆ. ಮೊಸರಿಲ್ಲದೆ ಒಣ ರೊಟ್ಟಿ ಯಾರು ತಿಂದಾರು? ಶೇಂಗಾ ಹಾಲಿನ ಮೊಸರು ತಂದುಕೊಟ್ಟೆ. ಒಂದು ತುತ್ತು ತಿಂದು, "ಸುಣ್ಣ ಬಳಿಯಾಕ ಬರತೈತಿ, ಇಟ್ಟಿರು" ಎಂದರು. ಎರಡು ಬೇಸಿಗೆಯಲ್ಲಿ ಐವತ್ತೆರಡು ಕಿಲೋ ಇದ್ದವರು ಮೂವತ್ತೊಂಬತ್ತಕ್ಕೆ ಇಳಿದರು. ಮಾಘ ಮಾಸದಲ್ಲಿ ಬಚ್ಚಲಲ್ಲಿ ಕುಸಿದು ಬಿದ್ದಾಗ ಬಂದು ನೋಡಿದ ಡಾಕ್ಟರು ನನ್ನನ್ನು ಹೊರಗೆ ಕರೆದು, "ರೋಗ ಏನೂ ಇಲ್ಲರೀ. ಉಣವಲ್ಲರು, ಅಷ್ಟ. ಹಿಂಗ ಇದ್ರ ಈ ಬ್ಯಾಸಗಿ ದಾಟೂದು ಕಷ್ಟ" ಎಂದರು.

ಒಳಗೆ ಬಂದು, "ಅತ್ತೀ, ಒಂದೀಟು ಮೊಸರು ಉಣ್ರಿ. ಯಾರೂ ನೋಡೂದಿಲ್ಲ" ಎಂದೆ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಡಾಕ್ಟರವ್ವ, ಮಣಿ ಸುಳ್ಳು ಹೇಳೂದಿಲ್ಲ ಅಂತ ಇಡೀ ಓಣಿ ಮುಂದ ಭಾಷಣ ಮಾಡಿದಾಕಿ ನೀನ. ನಾನ ಕದ್ದು ತಿಂದ್ರ ನಿನ್ನ ಮಾತಿಗೆ ಏನು ಕಿಮ್ಮತ್ತು ಉಳೀತು?"

ಬೇರೆ ಮನೆಗಳಲ್ಲಿ ಹಿರಿಯರು ವಿಜ್ಞಾನ ನಂಬುವುದಿಲ್ಲ ಎಂಬ ಗೋಳು. ನಮ್ಮ ಮನೆಯ ಗೋಳು ಅದಕ್ಕೆ ಉಲ್ಟಾ. ಮದುವೆಯಾಗಿ ಬಂದ ದಿನದಿಂದ ನನ್ನನ್ನು ಡಾಕ್ಟರವ್ವ ಎಂದೇ ಕರೆದವರು, ನನ್ನ ತಾಟಿಗೆ ಅಂದಂದಿನ ಕೆನೆಗಟ್ಟಿದ ಸಿಹಿ ಮೊಸರನ್ನೇ ಬಡಿಸಿದವರು. ನನ್ನದು ಹಸಿರು ದೀಪ. ನನಗಾಗಿ ಅವರು ಈಗಲೂ ದಿನಾ ಹೆಪ್ಪು ಹಾಕುತ್ತಿದ್ದರು, ತಾವು ಮುಟ್ಟುತ್ತಿರಲಿಲ್ಲ. ಎಂಥ ಅತ್ತೆ ಸಿಕ್ಕಿದ್ದಾರೆ ಎಂದು ನಾನು ಕೇಂದ್ರದಲ್ಲಿ ಹೇಳಿಕೊಂಡು ಮೆರೆಯುತ್ತಿದ್ದೆ.

ಕೋಷ್ಟಕದಲ್ಲಿ ಕೆಂಪಿನವರಿಗೂ ಒಪ್ಪಿಗೆ ಇದ್ದ ಹಾಲಿನ ಪದಾರ್ಥಗಳು ಎರಡೇ: ತುಪ್ಪ ಮತ್ತು ಪರದೇಶದ ಹಳೆಯ ಚೀಸು. ಬಾಗಲಕೋಟೆಯ ದೊಡ್ಡ ಅಂಗಡಿಯಿಂದ ಒಂದು ತುಂಡು ಚೀಸು ತಂದೆ. ಅತ್ತೆ ರೊಟ್ಟಿಯಲ್ಲಿ ಸುತ್ತಿ ಕಡಿದರು, ಅಗಿದರು, ಕಣ್ಣು ಮುಚ್ಚಿದರು. "ಡಾಕ್ಟರವ್ವ, ಮೈ ತೊಳಿಯೂ ಸಬಕಾರ ನುಂಗಿಸಿ ಕೊಲ್ಲಬೇಕಂತ ಮಾಡಿಯೇನು?" ನಾನು ನಗುತ್ತಲೇ ಪೊಟ್ಟಣವನ್ನು ಕೈಗೆತ್ತಿಕೊಂಡೆ. ಮೇಲೆ ದೊಡ್ಡದಾಗಿ ಬರೆದಿತ್ತು: ಹದಿನೆಂಟು ತಿಂಗಳು ಮಾಗಿಸಿದ್ದು.

ಮರುದಿನ ಕೇಂದ್ರದಲ್ಲಿ ಕೋಷ್ಟಕ ತೆರೆದೆ. ಚೀಸಿನ ಸಾಲಿನಲ್ಲಿ ವಯಸ್ಸು ಎಂಬ ಅಂಕಣ ಇತ್ತು. ಎಳೆಯ ಚೀಸಿಗೆ ಕೆಂಪು, ಹಳೆಯದಕ್ಕೆ ಹಸಿರು. ಅಷ್ಟು ಹೊತ್ತಿಗೆ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಮುಗಿಸಿರುತ್ತವೆ ಎಂಬ ಕಾರಣಕ್ಕೆ. ಮೊಸರಿನ ಸಾಲಿನಲ್ಲಿ ಆ ಅಂಕಣವೇ ಇರಲಿಲ್ಲ. ಹತ್ತು ವರ್ಷದ ಹಿಂದೆ, ಹೊಸದಾಗಿ ಸೇರಿದ್ದಾಗ, ನಾನೇ ಸ್ಟೀಲಿನ ಡಬ್ಬಿ ಹಿಡಿದು ಮುನ್ನೂರ ಹನ್ನೆರಡು ಮನೆ ತಿರುಗಿ ಮೊಸರು ತಂದು ಅಳೆದಿದ್ದೆ. ನೂರು ಗ್ರಾಂ ಹಾಲಿನಲ್ಲಿ ಐದು ಗ್ರಾಂ ಸಕ್ಕರೆ. ನನ್ನ ಮೊಸರುಗಳಲ್ಲಿ ಸರಾಸರಿ ನಾಲ್ಕೂಕಾಲು. ಅಂದರೆ ಮೊಸರು ಹೆಸರಿಗೆ ಮಾತ್ರ ಮೊಸರು, ಹೆಚ್ಚುಕಡಿಮೆ ಹಾಲೇ. ಇಷ್ಟು ಸಿಹಿ ಹೇಗೆ ಎಂದು ಅಂದು ನನಗೆ ಅನ್ನಿಸಲೇ ಇಲ್ಲ. ಈಗ ಅನ್ನಿಸಿತು.

ನಿರ್ದೇಶಕರಾದ ಮಕಾನದಾರ ಸರ್‌ಗೆ ತೋರಿಸಿದೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದ ಮನುಷ್ಯ. ಕನ್ನಡಕ ಹಣೆಗೇರಿಸಿ, "ಮುನ್ನೂರ ಹನ್ನೆರಡು ಮನಿ ಮೊಸರು ಒಂದ ಸುಳ್ಳು ಹೇಳತಾವೇನವಾ?" ಎಂದರು.

ನಾನು ಹಳೆಯ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ. ನಲವತ್ತೊಂದನೆಯ ಮನೆ ನಮ್ಮದೇ.

ಮಧ್ಯಾಹ್ನದ ಬಸ್ಸು ಹಿಡಿದು ಮನೆಗೆ ಹೋದೆ. ಅತ್ತೆ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. "ಅತ್ತೀ, ಹತ್ತು ವರ್ಷದ ಹಿಂದ ನಾ ಡಬ್ಬಿ ತಂದಾಗ ಯಾವ ಮೊಸರು ಕೊಟ್ಟಿದ್ರಿ?"

"ಯಾಕ? ಚೊಲೋದ ಕೊಟ್ಟಿದ್ನೆಲ್ಲ."

"ಚೊಲೋದು ಅಂದ್ರ?"

"ಮುಂಜಾನೆ ಹೆಪ್ಪು ಹಾಕಿದ್ದು. ಆಗಷ್ಟ ಗಡ್ಡೆಗಟ್ಟಿತ್ತು." ನಾಚಿಕೊಂಡವರಂತೆ ಹೇಳಿದರು, "ಮ್ಯಾಲೆ ಎರಡು ಚಮಚ ಕೆನಿಹಾಲು ಬಿಟ್ಟಿದ್ದೆ. ಹೊಸಾ ಸೊಸಿ, ಹೊಸಾ ನೌಕರಿ. ನಿನ್ನ ಸಾಹೇಬರು ನಮ್ಮ ಮನಿ ಮೊಸರು ರುಚಿ ನೋಡಿ ಮುಖ ಕಿವುಚಿದ್ರ ನಿನ್ನ ಮರ್ಯಾದಿ ಏನಾಗಬೇಕು?"

"ಮತ್ತ ನೀವು ಉಣ್ಣೂ ಮೊಸರು?"

"ನಾವು ಉಣ್ಣೂದು ನಿನ್ನಿದು, ಮೊನ್ನಿದು. ಹುಳಿ ಮೊಸರು. ಅದನ್ನ ಯಾರರೆ ಮಂದಿಗೆ ಕೊಡತಾರೇನು? ಬಾಜೂ ಮನಿ ಈರಮ್ಮನೂ ಹಂಗ ಕೊಟ್ಟಿದ್ಲು. ಡಬ್ಬಿ ಬರತೈತಿ ಅಂತ ಗೊತ್ತಾಗಿ ಇಡೀ ಓಣಿ ಹೊಸಾ ಹೆಪ್ಪು ಹಾಕಿತ್ತು."

ಮುನ್ನೂರ ಹನ್ನೆರಡು ಮನೆಗಳ ಹೆಂಗಸರು ತಾವು ಉಣ್ಣುವ ಮೊಸರನ್ನು ಕೊಡಲಿಲ್ಲ. ಬೀಗರಿಗೆ ಬಡಿಸುವ ಮೊಸರು ಕೊಟ್ಟರು. ನಾನು ಅದನ್ನು ಅಳೆದು, ಇದೇ ಈ ನಾಡಿನ ಊಟ ಎಂದು ಬರೆದೆ. ಪರದೇಶದ ಚೀಸಿನವರು ಚೀಟಿಯ ಮೇಲೆ ವಯಸ್ಸು ಬರೆದು ಕಳಿಸಿ ಪಾರಾದರು, ನಮ್ಮ ಗಡಿಗೆ ಉಪಚಾರ ಮಾಡಲು ಹೋಗಿ ಸಿಕ್ಕಿಬಿತ್ತು. ಮಣಿ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ನನ್ನ ಕೋಷ್ಟಕ.

"ಹಂಗಂದ್ರ ಹುಳಿ ಮೊಸರು ನಿಮಗ ನಡೆದ್ರ ನಡೀಬಹುದು, ಅತ್ತೀ. ಈಗ ಉಣ್ರಿ. ನಾ ಹೇಳಾಕತ್ತೀನಿ."

"ಬಹುದು ಅಂದ್ರ?"

"ಅಳೀಬೇಕು ಇನ್ನ."

"ಹಂಗಾರ ಅಳಿ. ನನಗೊಬ್ಬಕಿಗೆ ಸೊಸಿ ವಶೀಲಿ ಮ್ಯಾಲೆ ಹಸಿರು ಬ್ಯಾಡ. ಈ ಓಣ್ಯಾಗ ಮೂವತ್ತು ಮಂದಿ ಕೆಂಪಿನವರು ಅದಾರ. ಕೋಷ್ಟಕ ತಿದ್ದು, ಆಮ್ಯಾಲೆ ಉಣತೀನಿ."

ಸಿಟ್ಟು ಬಂತು, ಅಳು ಬಂತು, ಹೆಮ್ಮೆಯೂ ಆಯಿತು. ಫಾಲ್ಗುಣ ನಡೆದಿತ್ತು. ಬೇಸಿಗೆ ಬಾಗಿಲಿಗೆ ಬಂದು ನಿಂತಿತ್ತು.

ಮಕಾನದಾರ ಸರ್ ಎಲ್ಲವನ್ನೂ ಕೇಳಿ ಹಳೆಯ ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. "ಕೋಷ್ಟಕ ತಪ್ಪಂದ್ರ, ಎರಡು ಕೋಟಿ ಮಂದಿ ಮುಂದಿನ ಮೊಸರು ಕಸಗೊಂಡೀವಿ ಅಂತ ಆತು. ತಪ್ಪೊಪ್ಪಿಗಿ ಕಾಗದದ ಮ್ಯಾಲೆ ಯಾರ ಹೆಸರು ಬರೀಲಿ?"

"ನಂದು ಬರೀರಿ ಸರ್."

"ನೌಕರಿ ಹೋದೀತು."

"ಅತ್ತಿ ಹೋದ್ರ ವಾಪಸ್ ಬರೂದಿಲ್ಲ ಸರ್."

ಅವರು ಕನ್ನಡಕ ಕೆಳಗಿಳಿಸಿದರು. "ಮತ್ತೊಮ್ಮೆ ಮೊಸರು ತಾ. ಈ ಸಲ ಹುಳಿದು ತಾ. ಆಮೇಲೆ ಮಾತಾಡೂಣು."

ತರುವುದು ಸುಲಭ ಎಂದುಕೊಂಡಿದ್ದೆ. ಡಬ್ಬಿ ಹಿಡಿದು ಮನೆಮನೆಗೆ ಹೋಗಿ ಬಾಯಿಬಿಟ್ಟು ಕೇಳಿದೆ, "ಹುಳಿ ಮೊಸರ ಬೇಕ್ರಿ, ನೀವು ಉಣ್ಣೂದು." ಒಬ್ಬಾಕೆ, "ನಮ್ಮ ಮನ್ಯಾಗ ಹುಳಿ ಮೊಸರು ಇರೂದ ಇಲ್ಲರೀ" ಎಂದು ಎದೆ ಸೆಟೆಸಿದಳು. ಇನ್ನೊಬ್ಬಾಕೆ ಒಳಗೆ ಹೋಗಿ ಹತ್ತು ನಿಮಿಷ ಬರಲಿಲ್ಲ. ಬಂದಾಗ ಮೊಸರಿನ ಮೇಲೆ ಹಾಲಿನ ಬಿಳಿ ಗೆರೆ ಇನ್ನೂ ಬೆರೆತಿರಲಿಲ್ಲ. ಮೂರನೆಯ ಮನೆಯವರು ಸಕ್ಕರೆ ಹಾಕಿಕೊಟ್ಟರು. ಮೂರು ದಿನ ತಿರುಗಿ ಅಳೆದರೆ ಮತ್ತೆ ಅದೇ ನಾಲ್ಕು ಚಿಲ್ಲರೆ.

ಸೋತು ಬಂದು ಅತ್ತೆಯ ಮುಂದೆ ಡಬ್ಬಿಗಳನ್ನು ಇಟ್ಟೆ. ಅವರು ಒಂದೊಂದನ್ನೇ ಮೂಸಿ ನೋಡಿ ಕಿಸಕ್ಕನೆ ನಕ್ಕರು. ಎಷ್ಟು ತಿಂಗಳಾಗಿತ್ತೋ ಅವರು ಹಾಗೆ ನಕ್ಕು. "ಹುಚ್ಚಿ, ಮೊಸರು ಕೇಳಿದ್ರ ಯಾರು ಹುಳಿದು ಕೊಟ್ಟಾರು? ಹೆಪ್ಪು ಕೇಳು. ಹೆಪ್ಪಿಗೆ ಅಂದ್ರ ತಾವು ಉಣ್ಣೂ ಗಡಿಗಿಗೇ ಚಮಚ ಹಾಕತಾರ."

ನನಗೆ ಒಂದು ಚಮಚ ಸಾಕಿತ್ತು. ಅಷ್ಟರಲ್ಲಿ ಸಕ್ಕರೆಯನ್ನೂ ಅಳೆಯಬಹುದು, ಸೂಕ್ಷ್ಮಜೀವಿಗಳನ್ನೂ ಎಣಿಸಬಹುದು. ಆದರೆ ಡಬ್ಬಿ ಹಿಡಿದ ಸರ್ಕಾರದ ಹೆಂಗಸು ಹೆಪ್ಪು ಕೇಳಿದರೆ ಯಾರೂ ನಂಬುವುದಿಲ್ಲ. "ನೀ ಹಿಂದ ನಿಂದ್ರು. ಕೇಳಾಕಿ ನಾನು" ಎಂದರು ಅತ್ತೆ.

ಮರುದಿನದಿಂದ ನನ್ನ ಸ್ಕೂಟರಿನ ಹಿಂದೆ ಕೊಡೆ ಹಿಡಿದು ಕೂತು, ಮೂವತ್ತೊಂಬತ್ತು ಕಿಲೋದ ಗುರುಬಸವ್ವ ಊರು ಸುತ್ತಿದರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವ ರೂಢಿ ಇಲ್ಲವಾದ್ದರಿಂದ ಹೊತ್ತು ಮುಳುಗುವುದರೊಳಗೆ ಮುಗಿಸಬೇಕು. ಬಾಗಿಲಲ್ಲಿ ಬಟ್ಟಲು ಹಿಡಿದು, "ಯವ್ವಾ, ನಮ್ಮನಿ ಹೆಪ್ಪು ಕೆಟ್ಟೈತಿ, ಒಂದೀಟು ಕೊಡ್ರಿ" ಎನ್ನುವರು. ಚಮಚ ಬೀಳುತ್ತಿತ್ತು, ನೋಡಿದರೇ ಹಲ್ಲು ಚುಳ್ ಎನ್ನುವಂಥ ಮೊಸರು. ಆಮೇಲೆ ನಾನು ಮುಂದೆ ಬಂದು ನಿಜ ಹೇಳಿ ಒಪ್ಪಿಗೆ ಕೇಳುತ್ತಿದ್ದೆ. ಆಗ ನೋಡಬೇಕಿತ್ತು. "ಅಯ್ಯ, ಬ್ಯಾಡ್ರೀ, ಅದನ್ನ ವಾಪಸ್ ಕೊಡ್ರಿ, ತಾಜಾದ್ದು ತರತೀನಿ!" ಎಂದು ಬಟ್ಟಲಿಗೆ ಕೈ ಹಾಕುವರು. ಅತ್ತೆ ಬಟ್ಟಲನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಸ್ಕೂಟರು ಏರುವರು. ಒಪ್ಪಿಗೆ ಕೊಡದವರ ಹೆಪ್ಪನ್ನು ಮಾತ್ರ ನಾನು ಕಸಿದು ವಾಪಸ್ ಕೊಟ್ಟೆ.

ನಮ್ಮ ಕಡೆ ಹೆಪ್ಪು ಕೆಟ್ಟ ಮನೆಯೆಂದರೆ ಹೆಂಗಸರಿಗೆ ದೊಡ್ಡ ಅವಮಾನ. ಅತ್ತೆಯ ಹೆಪ್ಪು ಅವರ ಅತ್ತೆಯ ಕಾಲದಿಂದ ಒಂದು ದಿನವೂ ಕೆಟ್ಟಿದ್ದಿಲ್ಲ. ಇಬ್ಬರು ಮೂವರು ಬಾಯಿಗೆ ಸೆರಗು ಹಚ್ಚಿ ನಕ್ಕಿದ್ದನ್ನು ನಾನೇ ಕಂಡೆ. ಅತ್ತೆಯೂ ಕಂಡರು, ಕಂಡೂ ಮುಂದಿನ ಬಾಗಿಲಿಗೆ ನಡೆದರು. ನನ್ನ ಮರ್ಯಾದೆಗೆಂದು ಹತ್ತು ವರ್ಷದ ಹಿಂದೆ ಸಿಹಿ ಮೊಸರು ಕೊಟ್ಟವರು, ಈಗ ತಮ್ಮ ಮರ್ಯಾದೆಯನ್ನು ಬಟ್ಟಲಲ್ಲಿ ಹಿಡಿದು ಇನ್ನೂರ ಆರು ಮನೆ ತಿರುಗಿದರು. ನನ್ನ ಹೆಸರನ್ನು ತಪ್ಪೊಪ್ಪಿಗೆಯ ಮೇಲೆ ಬರೆಯಲು ನನಗಿದ್ದ ಅಳುಕು ಆ ವಾರದಲ್ಲೇ ಹೋಯಿತು.

ಅಳೆದಾಗ ಸಕ್ಕರೆ ಎರಡು ಗ್ರಾಂ ಸುತ್ತಮುತ್ತ. ಅರ್ಧಕ್ಕಿಂತ ಕಡಿಮೆ. ಮೇಲಾಗಿ ಅದರೊಳಗೆ ಜೀವಂತ ಸೂಕ್ಷ್ಮಜೀವಿಗಳ ಸಂತೆಯೇ ಇತ್ತು. ಉಳಿದ ಸಕ್ಕರೆಯನ್ನು ಅವೇ ಹೊಟ್ಟೆಯೊಳಗೆ ಹೋಗಿ ಒಡೆದಾವು ಎಂಬುದು ನಮ್ಮ ಊಹೆ. ಊಹೆ ಸಾಕಾಗುವುದಿಲ್ಲ. ಕೆಂಪಿನವರು ಯಾರಾದರೂ ಮತ್ತೊಂದು ಮಣಿ ನುಂಗಿ ಆ ಮೊಸರು ಉಣ್ಣಬೇಕಿತ್ತು. ನಲವತ್ತು ಜನ ಮುಂದೆ ಬಂದರು. ಸಾಲಿನಲ್ಲಿ ಮೊದಲು ನಿಂತವರು ಯಾರೆಂದು ಹೇಳಬೇಕಿಲ್ಲ.

ಬಾಗಲಕೋಟೆಯ ವೀಕ್ಷಣಾ ಕೊಠಡಿಯಲ್ಲಿ ಗೋಡೆಯ ತುಂಬ ಪರದೆ. ಅದರ ಮೇಲೆ ಇಪ್ಪತ್ತರ ಬಳಿ ಒಂದು ಕೆಂಪು ಗೆರೆ. ಹೊಟ್ಟೆಯ ಗಾಳಿ ಅದನ್ನು ದಾಟಿದರೆ ಮುಗಿಯಿತು. ಎರಡು ವರ್ಷದ ಹಿಂದೆ ಹಾಲು ಕುಡಿದಾಗ ಅತ್ತೆಯ ಗೆರೆ ಎಂಬತ್ತಾರಕ್ಕೆ ಏರಿತ್ತು. ಈಗ ಅವರು ಗಾಜಿನಾಚೆ ಕುರ್ಚಿಯಲ್ಲಿ ಕಾಲು ಮಡಚಿ ಕೂತು, ದೊಡ್ಡ ಬಟ್ಟಲು ಮೊಸರನ್ನು ಖಾಲಿ ಮಾಡಿ, ಬೆರಳು ನೆಕ್ಕಿ, "ಉಪ್ಪರೆ ಕೊಡಬಾರದೇನ್ರೀ ಸಾಹೇಬರ?" ಎಂದು ಮಕಾನದಾರ ಸರ್ ಅವರನ್ನು ಕೇಳಿದರು.

ಮೊದಲ ಗಂಟೆ, ನಾಲ್ಕು. ಎರಡನೆಯ ಗಂಟೆ, ಒಂಬತ್ತು. ಮೂರನೆಯ ಗಂಟೆಗೆ ಹದಿನಾಲ್ಕಾಯಿತು. ಏರುತ್ತ ಹೋದರೆ ಏನು ಮಾಡಲಿ? ಈ ಹೆಂಗಸು ಮತ್ತೆ ಮೊಸರು ಮುಟ್ಟುವುದಿಲ್ಲ, ನನಗೆ ಮತ್ತೆ ಬೇಡಿಕೊಳ್ಳಲೂ ಬರುವುದಿಲ್ಲ. ಹದಿನಾರು. ಸರ್ ಕುರ್ಚಿಯಿಂದ ಎದ್ದು ನಿಂತರು. ಹದಿನಾರರಲ್ಲೇ ಗೆರೆ ಸ್ವಲ್ಪ ಹೊತ್ತು ಮಲಗಿತು. ಆಮೇಲೆ ಹದಿಮೂರು, ಹತ್ತು, ಏಳು. ಗಾಜಿನಾಚೆ ಅತ್ತೆ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು. ನಾನು ಅಲ್ಲೇ ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ನಲವತ್ತರಲ್ಲಿ ಮೂವತ್ತಮೂರು ಜನಕ್ಕೆ ಹುಳಿ ಮೊಸರು ಒಗ್ಗಿತು. ಏಳು ಜನಕ್ಕೆ ಅದೂ ಒಗ್ಗಲಿಲ್ಲ. ಆ ಏಳರಲ್ಲಿ, ತಮ್ಮದೂ ಕೆಂಪು ದೀಪವೆಂದು ತಾವಾಗಿಯೇ ಮಣಿ ನುಂಗಿದ್ದ ಮಕಾನದಾರ ಸರ್ ಒಬ್ಬರು. ಗೆರೆ ಇಪ್ಪತ್ತು ದಾಟುವ ಮೊದಲೇ ಅವರು ಕೊಠಡಿ ದಾಟಿ ಓಡಿದ್ದರು. ವಾಪಸು ಬಂದು, ಮುಖ ಒರೆಸಿಕೊಂಡು, "ನನ್ನ ಹೊಟ್ಟಿ ಪ್ರಾಮಾಣಿಕ ಐತಿ ನೋಡವಾ. ಕಾಗದ ತಾ" ಎಂದರು. ತಪ್ಪೊಪ್ಪಿಗೆಯ ಕಾಗದದಲ್ಲಿ ನನ್ನ ಹೆಸರಿನ ಮೇಲೆ ತಮ್ಮ ಹೆಸರನ್ನೂ ಬರೆದರು. ಕೋಷ್ಟಕವನ್ನು ನಾನು ತರಾತುರಿಯಲ್ಲಿ ಬರೆದದ್ದು ನಿಜ, ಅವರು ತರಾತುರಿಯಲ್ಲಿ ಸಹಿ ಹಾಕಿದ್ದೂ ನಿಜ ಎಂದರು.

ನೌಕರಿ ಹೋಗಲಿಲ್ಲ. ಕೋಷ್ಟಕ ವಿಭಾಗದ ಮುಖ್ಯಸ್ಥೆಯ ಕುರ್ಚಿ ಹೋಯಿತು, ಬದಲಿಗೆ ನಾಡಿನ ಪ್ರತಿ ಪದಾರ್ಥವನ್ನೂ ಜನ ನಿಜವಾಗಿ ಉಣ್ಣುವ ಹಾಗೆಯೇ ಮತ್ತೆ ಅಳೆಯುವ ಕೆಲಸ ಬಂತು. ಈಗ ನಾನು ಮಧ್ಯಾಹ್ನ ಮೂರಕ್ಕೆ, ಎಲ್ಲರದೂ ಆದ ಮೇಲೆ ಮನೆಯ ಹೆಂಗಸರು ಉಣ್ಣಲು ಕೂತಾಗ ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಕೈಪಟ್ಟಿಗಳು ಬದಲಾದವು. ಹಾಲು ಮೊಸರು ತಿನ್ನಬೇಕೋ ಬೇಡವೋ ಎಂದು ಅವು ಈಗ ತೀರ್ಪು ಕೊಡುವುದಿಲ್ಲ; ಹೆಪ್ಪು ಹಾಕಿ ಎಷ್ಟು ಹೊತ್ತಾಯಿತು ಎಂದು ಕೇಳುತ್ತವೆ. ಶರಣುವಿಗೆ ಇಪ್ಪತ್ತು ತಾಸಿನ ಮೊಸರು ನಡೆಯುತ್ತದೆ, ಹಾಲಿನ ಚಹಾ ಇಲ್ಲ. ಸರ್‌ಗೆ ಏನೂ ಇಲ್ಲ, ಶೇಂಗಾ ಹಾಲೇ ಗತಿ. ಅವರಿಗೆ ಅದೇ ರುಚಿ ಹತ್ತಿದೆ.

ತಿದ್ದಿದ ಕೋಷ್ಟಕ ಊರಿಗೆ ಬಂದದ್ದು ಚೈತ್ರದ ಒಂದು ಸೋಮವಾರ. ಮಧ್ಯಾಹ್ನ ಉಣ್ಣಲು ಕೂತೆವು. ಅತ್ತೆಯ ಮುಂದೆ ಎರಡು ಗಡಿಗೆ: ಒಂದರಲ್ಲಿ ನನ್ನ ಸಿಹಿ ಮೊಸರು, ಇನ್ನೊಂದರಲ್ಲಿ ಅವರದು, ಎರಡು ದಿನದ್ದು. ಅವರು ಕೈಪಟ್ಟಿಗೆ ಹೆಪ್ಪು ಹಾಕಿದ ಹೊತ್ತು ಹೇಳಿದರು. ನಲವತ್ತು ತಾಸು, ಹಸಿರು. ರೊಟ್ಟಿ ಮುರಿದು, ಮೊಸರಲ್ಲಿ ಅದ್ದಿ, ಒಂದಾದ ಮೇಲೆ ಒಂದರಂತೆ ಎರಡು ರೊಟ್ಟಿ ಉಂಡರು. ನಾನು ಉಣ್ಣದೆ ಅದನ್ನೇ ನೋಡುತ್ತಿದ್ದೆ.

"ನನ್ನ ಬಾಯಿ ಏನು ನೋಡತಿ?" ಎಂದು ನನ್ನ ತಾಟು ಎಳೆದುಕೊಂಡರು. ಅವರ ಕೈ ಅಭ್ಯಾಸದ ಮೇಲೆ ಸಿಹಿ ಮೊಸರಿನ ಗಡಿಗೆಗೆ ಹೋಯಿತು. ಅಲ್ಲಿ ನಿಂತಿತು. ಆಮೇಲೆ ಸೌಟನ್ನು ತಮ್ಮ ಗಡಿಗೆಯಲ್ಲಿ ಅದ್ದಿ, ಹುಳಿ ಮೊಸರನ್ನು ನನ್ನ ರೊಟ್ಟಿಯ ಪಕ್ಕಕ್ಕೆ ಹಾಕಿದರು.

"ಹನ್ನೊಂದು ವರ್ಷ ಬೀಗರಂಗ ನಡಿಸಿಕೊಂಡೀನಿ ನಿನ್ನ. ಸಾಕಿನ್ನ. ಉಣ್ಣು, ತಂಗಿ."

ಡಾಕ್ಟರವ್ವ ಎನ್ನಲಿಲ್ಲ, ನಮ್ಮ ಕಡೆ ಮಗಳನ್ನು ಕರೆಯುವ ಹಾಗೆ ತಂಗಿ ಎಂದರು. ಒಂದು ತುತ್ತು ಬಾಯಿಗಿಟ್ಟೆ. ಹಲ್ಲು ಚುಳ್ ಎಂದಿತು, ಕಣ್ಣಲ್ಲಿ ನೀರು ಬಂತು.

"ಹುಳಿ ಜಾಸ್ತಿ ಆತೇನು?" ಎಂದರು.

"ಇಲ್ಲ. ಇನ್ನೊಂದು ಸೌಟು ಹಾಕ್ರಿ" ಎಂದು ತಾಟು ಮುಂದೆ ಹಿಡಿದೆ.